ಪಾಂಡು, ಮೈಕು, ಶಿರಸಿ ಮಳೆ: ಮೆಚ್ಚಿನ ಕಾಮಿಡಿಗೊಂದು ಪಾಡ್‌ಕಾಸ್ಟ್ ಶುರು ಮಾಡೋದು ಹೇಗೆ

ಮೈಕ್ ಮುಂದೆ ಕೂತು ಒಮ್ಮೆ 'ಪಾಪ ಪಾಂಡು' ಅಂತ ಹೇಳಿ. ರೆಕಾರ್ಡ್ ಮಾಡಿ ಕೇಳಿ ನೋಡಿ. ಮೂರು ಸಲ 'ಪ', ಮೂರು ಸಲವೂ 'ಭುಸ್'. ಬಾಯಿಂದ ಹೊರಟ ಗಾಳಿ ನೇರ ಮೈಕಿಗೆ ಬಡಿದರೆ ಹೀಗಾಗುತ್ತದೆ. ಈಗ ಮೈಕನ್ನು ಬಾಯಿಂದ ಒಂದು ಗೇಣು ದೂರ ಇಟ್ಟು, ಸ್ವಲ್ಪ ಪಕ್ಕಕ್ಕೆ, ಕೆನ್ನೆಯ ನೇರಕ್ಕೆ ಸರಿಸಿ ಮತ್ತೆ ಹೇಳಿ. ಭುಸ್ ಹೋಯಿತು, ಅಲ್ವಾ? 'ಪಾಪ ಪಾಂಡು' ಧಾರಾವಾಹಿಯ ಅಭಿಮಾನಿಗಳು ಮೈಕ್ ಟೆಸ್ಟ್ ಮಾಡಲು ಬೇರೆ ಮಾತು ಹುಡುಕಬೇಕಾಗಿಲ್ಲ.

ನಾನು ಶಿರಸಿಯವಳು. ಅತ್ತಿಗೆ ಕಾರವಾರದ ಕೋಡಿಬಾಗದಲ್ಲಿ ಇದ್ದಾರೆ. ಇಬ್ಬರೂ ಸೇರಿ ಪಾಪ ಪಾಂಡು ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತೇವೆ. ಸಿಹಿಕಹಿ ಚಂದ್ರು ಅವರ ಆ ಧಾರಾವಾಹಿ ಗೊತ್ತಲ್ಲ, ಈಗಿನ ಕಲರ್ಸ್ ಕನ್ನಡ ಇನ್ನೂ ಈಟಿವಿ ಕನ್ನಡ ಆಗಿದ್ದ ಕಾಲದ್ದು. ಪಾಂಡುವಾಗಿ ಚಿದಾನಂದ್, ಅವನ ಹೆಂಡತಿ ಶ್ರೀಮತಿಯಾಗಿ ಶಾಲಿನಿ. 'ನಾವೂ ಶುರು ಮಾಡಬೇಕು, ಹೇಗೆ?' ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಇಷ್ಟದ್ದು ಸಿಲ್ಲಿ ಲಲ್ಲಿ ಆಗಿರಬಹುದು, ದಂಡಪಿಂಡಗಳು ಆಗಿರಬಹುದು. ಕೆಲಸ ಒಂದೇ.

ಎಲ್ಲರೂ ಮೊದಲು ಕೇಳುವುದು 'ಯಾವ ಮೈಕ್ ತಗೊಳ್ಳಲಿ' ಅಂತ. ಮೈಕ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಯಾರು ಕೇಳುತ್ತಾರೆ ಅಂತ ಯೋಚನೆ ಮಾಡಿ. ನಮ್ಮ ಕೇಳುಗರಲ್ಲಿ ಬಹಳ ಜನರ ಕೈ ಖಾಲಿ ಇರುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಂತೂ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತವರು ಮಧ್ಯದಲ್ಲಿ ಒಂದು ಫೋನ್ ಇಟ್ಟು ಕೇಳುತ್ತಾರೆ. ದೇವಿಮನೆ ಘಾಟಿ ಇಳಿಯುತ್ತಾ ಕುಮಟಾಕ್ಕೆ ಹೋಗುವವರು ಕಾರಿನಲ್ಲಿ ಕೇಳುತ್ತಾರೆ. ಯಾರ ಕಣ್ಣೂ ತೆರೆಯ ಮೇಲಿಲ್ಲ. ಹಾಗಾಗಿ ಪಾಂಡು ಮುಖ ಹೇಗೆ ಮಾಡಿದ ಅಂತ ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. 'ಆ ಸೀನ್ ಸೂಪರ್, ನಾನಂತೂ ಬಿದ್ದು ಬಿದ್ದು ನಕ್ಕೆ' ಅಂತ ನೀವು ನಗುತ್ತಾ ಹೋದರೆ ಅವರು ಸುಮ್ನೆ ಅಡಿಕೆ ಸುಲಿಯುತ್ತಾ ಇರುತ್ತಾರೆ.

ಟಿವಿ ಕಾಮಿಡಿಯಲ್ಲಿ ಅರ್ಧ ನಗು ಕಣ್ಣಿನದು. ಅದನ್ನು ಕಿವಿಗೆ ದಾಟಿಸುವುದೇ ನಿಮ್ಮ ಕೆಲಸ. ನಮ್ಮ ಜಿಲ್ಲೆಯವರಿಗೆ ಇದು ಹೊಸದೇನೂ ಅಲ್ಲ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಆದರೂ ಕೌರವನ ಸಭೆ ಕಣ್ಣಿಗೆ ಕಟ್ಟುತ್ತದೆ. ಪಾಡ್‌ಕಾಸ್ಟ್ ಮಾಡುವ ಮೊದಲು ಒಂದು ಒಳ್ಳೇ ತಾಳಮದ್ದಲೆ ಕೇಳಿ. ಎದುರಿನವರ ಮಾತು ಮುಗಿಯುವವರೆಗೆ ಹೇಗೆ ಕಾಯುತ್ತಾರೆ, ಒಂದೇ ಮಾತು ಹಿಡಿದು ಹೇಗೆ ಸವಾಲು ಹಾಕುತ್ತಾರೆ ಅಂತ ಗಮನಿಸಿ. ಇಬ್ಬರು ಕೂತು ಮಾತಾಡುವುದಕ್ಕೆ ಅದಕ್ಕಿಂತ ಒಳ್ಳೇ ಪಾಠ ನನಗಂತೂ ಸಿಕ್ಕಿಲ್ಲ.

ಸೀನ್ ಹೇಳುವುದು

ಉದಾಹರಣೆಗೆ ಒಂದು ಸನ್ನಿವೇಶ. ಇದು ಯಾವ ಧಾರಾವಾಹಿಯದ್ದೂ ಅಲ್ಲ, ನಾನೇ ಕಟ್ಟಿದ್ದು. ಗಂಡ ರಾತ್ರಿ ತಡವಾಗಿ ಮನೆಗೆ ಬರುತ್ತಾನೆ. ಕರೆಂಟ್ ಇಲ್ಲ. ಹೆಂಡತಿ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಾಳೆ.

'ಗಂಡ ಲೇಟಾಗಿ ಬರ್ತಾನೆ, ಹೆಂಡತಿ ಹಿಡೀತಾಳೆ, ಸಖತ್ ಕಾಮಿಡಿ' ಅಂದರೆ ಮುಗಿಯಿತು, ಯಾರೂ ನಗುವುದಿಲ್ಲ. ಅದನ್ನೇ ಹೀಗೆ ಹೇಳಿ: ಬಾಗಿಲು ಒಂದು ಇಂಚು ತೆರೆಯುತ್ತದೆ. ಮೊದಲು ಒಳಗೆ ಬರುವುದು ಕೈಯಲ್ಲಿ ಹಿಡಿದ ಚಪ್ಪಲಿ. ಆಮೇಲೆ ಮೂಗು. ಆಮೇಲೆ ಅವನು. ತುದಿಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟು, ಗೆದ್ದೆ ಅಂತ ಒಂದು ಉಸಿರು ಬಿಡುತ್ತಾನೆ. ಆಗ ಕರೆಂಟ್ ಬರುತ್ತದೆ.

ಇಷ್ಟು ಹೇಳಿ ನಿಲ್ಲಿಸಿ. ಈಗ ಜೊತೆಗಾರರನ್ನು ಕೇಳಿ: ಹೆಂಡತಿ ಅಲ್ಲಿ ಕೂತಿದ್ದಾಳೆ ಅಂತ ನಮಗೆ ಮೊದಲೇ ತೋರಿಸಿದ್ದರಾ, ಇಲ್ಲವಾ? ತೋರಿಸಿದ್ದರೆ ಚಪ್ಪಲಿ ಕಂಡಾಗಿನಿಂದಲೇ ನಗು ಶುರು. ಅವನ ಒಂದೊಂದು ಹೆಜ್ಜೆಗೂ ನಗು ಏರುತ್ತದೆ. ತೋರಿಸದೇ ಇದ್ದರೆ ನಾವೂ ಅವನ ಜೊತೆ ಬೆಚ್ಚಿಬೀಳುತ್ತೇವೆ, ನಗು ಒಂದೇ ಸಲ ಬಂದು ಹೋಗುತ್ತದೆ. ಅದೇ ಸೀನು, ಎರಡು ಬೇರೆ ಬೇರೆ ನಗು. ನಿರ್ದೇಶಕರು ಯಾವುದನ್ನು ಆರಿಸಿಕೊಂಡರು, ಯಾಕೆ? ಅಭಿಮಾನಿಗಳು ಮಾತಾಡಬೇಕಾದ್ದು ಇದನ್ನು. ಇಂಥ ಒಂದು ಪ್ರಶ್ನೆ ಸಿಕ್ಕಿದರೆ ಇಪ್ಪತ್ತು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ಅದಕ್ಕಾಗಿ ಒಂದು ಕಂತನ್ನು ಎರಡು ಸಲ ನೋಡಬೇಕು. ಮೊದಲನೇ ಸಲ ಪೆನ್ನು ಪುಸ್ತಕ ಏನೂ ಬೇಡ, ಮನೆಯವರ ಜೊತೆ ಕೂತು ನೋಡಿ, ನಗಿ. ಎರಡನೇ ಸಲ ಒಬ್ಬರೇ ಕೂತು, ಎಲ್ಲೆಲ್ಲಿ ನಗು ಬಂದಿತ್ತೋ ಆ ನಿಮಿಷ, ಸೆಕೆಂಡ್ ಬರೆದುಕೊಳ್ಳಿ. ನಕ್ಕಿದ್ದು ಮಾತಿಗಾ, ಮುಖಕ್ಕಾ, ಹಿಂದೆ ಹಾಕಿದ 'ಟೊಂಯ್ಯ್' ಸದ್ದಿಗಾ? ಆ ಸದ್ದಿಗೆ ಅಂತಾದರೆ ಅದನ್ನೂ ಪ್ರಾಮಾಣಿಕವಾಗಿ ಹೇಳಿ. ನನ್ನ ಪ್ರಕಾರ ನಮ್ಮ ಕಾಮಿಡಿ ಧಾರಾವಾಹಿಗಳಲ್ಲಿ ಆ ಸದ್ದು ಅರ್ಧಕ್ಕರ್ಧ ಕಡಿಮೆ ಇದ್ದಿದ್ದರೂ ನಗುವಿಗೆ ಏನೂ ನಷ್ಟ ಇರಲಿಲ್ಲ. ಅತ್ತಿಗೆ ಇದನ್ನು ಒಪ್ಪುವುದಿಲ್ಲ. ಒಪ್ಪದೇ ಇರುವುದೇ ಒಳ್ಳೆಯದು. ಇಬ್ಬರೂ ಎಲ್ಲದಕ್ಕೂ ಹೂಂ ಅನ್ನುವ ಪಾಡ್‌ಕಾಸ್ಟ್ ಯಾರಿಗೆ ಬೇಕು?

ಮಾಹಿತಿ ಹಾಕಿ, ಆದರೆ ಊಟಕ್ಕೆ ಉಪ್ಪಿನಷ್ಟು. ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಇಬ್ಬರ ಹೆಸರಿಗೂ 'ಸಿಹಿಕಹಿ' ಅಂಟಿದ್ದು ದೂರದರ್ಶನದಲ್ಲಿ ಬಂದ ಅದೇ ಹೆಸರಿನ ಧಾರಾವಾಹಿಯಿಂದ. ಇಂಥ ಸಣ್ಣ ವಿಷಯ ಮಾತಿನ ನಡುವೆ ಬಂದರೆ ಕೇಳುವವರು 'ಹೌದಾ!' ಅನ್ನುತ್ತಾರೆ. ಕಲಾವಿದರ ಮನೆ ವಿಷಯ, ಮದುವೆ ವಿಷಯ ಮಾತ್ರ ಬೇಡವೇ ಬೇಡ. ಪಾತ್ರದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಪಾತ್ರ ಮಾಡಿದವರನ್ನು ಅವರ ಪಾಡಿಗೆ ಬಿಡಿ.

ಇನ್ನು ಭಾಷೆ. ಮೈಕ್ ಕಂಡ ಕೂಡಲೇ ಕೆಲವರು ವಾರ್ತೆ ಓದುವವರ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಬೇಡ ಮಾರಾಯ್ರೇ. ಧಾರಾವಾಹಿ ಬೆಂಗಳೂರು ಕನ್ನಡದ್ದಿರಬಹುದು, ಅದರ ಬಗ್ಗೆ ಆಡುವ ಮಾತು ನಿಮ್ಮ ಮನೆಯದ್ದೇ ಇರಲಿ.

ಮಳೆ, ಫ್ಯಾನು, ಹೆದ್ದಾರಿ

ಈಗ ಮೈಕ್. ಶುರುವಿಗೆ ಫೋನ್ ಸಾಕು. ಶರ್ಟಿಗೆ ಸಿಕ್ಕಿಸುವ ವಯರ್ ಮೈಕ್ ಒಂದಿದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ದೊಡ್ಡ ದುಡ್ಡೇನೂ ಬೇಡ. ಮೈಕಿಗಿಂತ ಕೋಣೆ ಮುಖ್ಯ. ಟೈಲ್ಸ್ ಹಾಕಿದ ಖಾಲಿ ಹಾಲ್‌ನಲ್ಲಿ ಎಷ್ಟು ದುಬಾರಿ ಮೈಕ್ ಇಟ್ಟರೂ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಇರುವ ಸಣ್ಣ ಕೋಣೆ ಹುಡುಕಿ. ಕಪಾಟಿನ ಬಾಗಿಲು ತೆರೆದು, ಬಟ್ಟೆಗಳ ಕಡೆ ಮುಖ ಮಾಡಿ ಕೂತರೆ ದನಿ ಹದವಾಗಿ ಬರುತ್ತದೆ. ನೋಡಿದವರು ನಗುತ್ತಾರೆ. ನಗಲಿ ಬಿಡಿ.

ಶಿರಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಶತ್ರು ಮಳೆ. ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡುವ ಆಸೆ ಬಿಡಿ. ಹಂಚಿನ ಮನೆಯಾದರೆ ಮರದ ಮುಚ್ಚಿಗೆ ಇರುವ ಒಳಕೋಣೆ ನೋಡಿ. ಹಂಚಿಗೂ ನಿಮಗೂ ನಡುವೆ ಅಟ್ಟ ಇರುವುದರಿಂದ ಸದ್ದು ಎಷ್ಟೋ ಕಡಿಮೆ. ಎಡಿಟಿಂಗ್‌ನಲ್ಲಿ ಮಳೆ ಸದ್ದು ತೆಗೆಯುತ್ತೇನೆ ಅಂತ ನಂಬಿ ಕೂರಬೇಡಿ. ಫ್ಯಾನ್, ಫ್ರಿಜ್ ಹೀಗೆ ಒಂದೇ ಸಮ ಬರುವ ಗುಂಯ್ ಸದ್ದನ್ನು ತೆಗೆಯಬಹುದು. ಮಳೆ ಏರುತ್ತದೆ, ಇಳಿಯುತ್ತದೆ, ನಿಮ್ಮ ದನಿಯ ಜೊತೆಗೇ ಬೆರೆತಿರುತ್ತದೆ. ಅದನ್ನು ಕಿತ್ತರೆ ದನಿಯೂ ಕಿತ್ತು ಬರುತ್ತದೆ, ನೀರೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಮಳೆ ಹೊಳವಾಗುವವರೆಗೆ ಕಾಯುವುದೇ ಸುಲಭ. ಕರೆಂಟ್ ಹೋದರೆ ತಲೆ ಕೆಡಿಸಿಕೊಳ್ಳಬೇಡಿ, ಫೋನ್ ಬ್ಯಾಟರಿಯಲ್ಲೇ ನಡೆಯುತ್ತದೆ. ಇನ್ವರ್ಟರ್ ಪಕ್ಕ ಮಾತ್ರ ಕೂರಬೇಡಿ, ಅದರ ಗುಂಯ್‌ಗುಡುವಿಕೆ ರೆಕಾರ್ಡಿಂಗ್‌ನಲ್ಲಿ ಚೆನ್ನಾಗಿ ಕೇಳುತ್ತದೆ.

ಅತ್ತಿಗೆಯ ಕಷ್ಟ ಬೇರೆ. ಒಂದು ಕಡೆ 66ನೇ ನಂಬರ್ ಹೆದ್ದಾರಿಯ ಲಾರಿಗಳು, ಇನ್ನೊಂದು ಕಡೆ ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ. ಕಿಟಕಿ ಹಾಕಿ ಫ್ಯಾನ್ ಆರಿಸಿದರೆ ಏಪ್ರಿಲ್‌ನಲ್ಲಿ ಬೆವರು ಹರಿದು ಕಾಳಿ ನದಿ ಸೇರುತ್ತದೆ. ಹಾಗಾಗಿ ಹತ್ತು ನಿಮಿಷ ಮಾತು, ಐದು ನಿಮಿಷ ಫ್ಯಾನು, ಮತ್ತೆ ಮಾತು. ಬೆಳಗ್ಗೆ ಬೇಗ ಕೂತರೆ ಇನ್ನೂ ಒಳ್ಳೆಯದು.

ಬೇರೆ ಬೇರೆ ಊರಿನಲ್ಲಿ ಕೂತು ಮಾಡುವವರು ಫೋನ್ ಕಾಲನ್ನೇ ರೆಕಾರ್ಡ್ ಮಾಡಬೇಡಿ. ನೆಟ್‌ವರ್ಕ್ ಹೋದಾಗಲೆಲ್ಲ ಅರ್ಧ ಮಾತು ನುಂಗುತ್ತದೆ. ನಾವು ಮಾಡುವುದು ಹೀಗೆ: ಒಂದು ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕಾಲ್. ಎದುರಿಗೆ ಇಟ್ಟ ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್, ಅದು ಏರೋಪ್ಲೇನ್ ಮೋಡ್‌ನಲ್ಲಿ. ಇಬ್ಬರೂ ತಂತಮ್ಮ ದನಿಯನ್ನು ಮಾತ್ರ ರೆಕಾರ್ಡ್ ಮಾಡುತ್ತೇವೆ. ಶುರುವಿನಲ್ಲಿ 'ಒಂದು, ಎರಡು, ಮೂರು' ಅಂತ ಎಣಿಸಿ ಇಬ್ಬರೂ ಒಂದು ಚಪ್ಪಾಳೆ. ಕೊನೆಯಲ್ಲೂ ಒಂದು ಚಪ್ಪಾಳೆ. ಎರಡು ಫೋನಿನ ಗಡಿಯಾರ ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಓಡುವುದಿಲ್ಲ. ಉದ್ದದ ರೆಕಾರ್ಡಿಂಗ್‌ನಲ್ಲಿ ಕೊನೆಗೆ ಬರುವಾಗ ಸ್ವಲ್ಪ ಹಿಂದೆ ಮುಂದೆ ಆಗಿರುತ್ತದೆ. ಎರಡು ಚಪ್ಪಾಳೆ ಇದ್ದರೆ ಎಷ್ಟು ಜಾರಿದೆ ಅಂತ ಗೊತ್ತಾಗುತ್ತದೆ. ಜೊತೆಗೆ ಹತ್ತು ಸೆಕೆಂಡ್ ಸುಮ್ಮನೆ ಕೂತು ಕೋಣೆಯ ಸದ್ದನ್ನೂ ರೆಕಾರ್ಡ್ ಮಾಡಿ. ಗುಂಯ್ ಸದ್ದು ತೆಗೆಯುವಾಗ ತಂತ್ರಾಂಶಕ್ಕೆ ಆ ಮಾದರಿ ಬೇಕು.

ಎಡಿಟ್ ಮಾಡಲು ಕಂಪ್ಯೂಟರ್ ಇದ್ದರೆ ಆಡಾಸಿಟಿ ಸಾಕು, ಉಚಿತ. ಕೆಮ್ಮು, ನಾಯಿ, 'ಅದೇ ಅದೇ ಏನಂತಾರೆ' ಇವನ್ನು ತೆಗೆಯಿರಿ. ನಗುವನ್ನು ತೆಗೆಯಬೇಡಿ. ಮಾತು ಮಾತ್ರ ಇರುವುದರಿಂದ ಮೋನೋ (ಎಡ-ಬಲ ಎರಡಲ್ಲ, ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಎಂಪಿ3 ಮಾಡಿ. ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ ಆಗುತ್ತದೆ, ಘಟ್ಟದ ನೆಟ್‌ವರ್ಕ್‌ನಲ್ಲೂ ಇಳಿಯುತ್ತದೆ, ವಾಟ್ಸಾಪ್‌ನಲ್ಲೂ ಹೋಗುತ್ತದೆ. ಕೊನೆಗೆ ಹೆಡ್‌ಫೋನ್ ತೆಗೆದು ಫೋನಿನ ಸ್ಪೀಕರ್‌ನಲ್ಲೇ, ಮಿಕ್ಸಿ ಓಡುತ್ತಿರುವ ಅಡುಗೆಮನೆಯಲ್ಲಿ ಒಮ್ಮೆ ಕೇಳಿ. ಕೇಳುಗರು ಕೇಳುವುದು ಹಾಗೆಯೇ.

ಶೀರ್ಷಿಕೆ ಗೀತೆಯ ಆಸೆ

ಎಲ್ಲರಿಗೂ ಶುರುವಿನಲ್ಲಿ ಧಾರಾವಾಹಿಯ ಹಾಡು ಹಾಕುವ ಆಸೆ. ಬೇಡ. ಹಾಡಿನ ಹಕ್ಕು ಬೇರೆಯವರದ್ದು, ಯೂಟ್ಯೂಬ್‌ನ ಯಂತ್ರ ಕೆಲವೇ ಸೆಕೆಂಡ್‌ನಲ್ಲಿ ಹಿಡಿಯಬಹುದು. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ, ನಿಜ. ಆದರೆ 'ಮೂವತ್ತು ಸೆಕೆಂಡ್‌ವರೆಗೆ ಫ್ರೀ' ಅಂತ ಜನ ಹೇಳುತ್ತಾರಲ್ಲ, ಅಂಥ ಲೆಕ್ಕ ಕಾಯ್ದೆಯಲ್ಲಿ ಇಲ್ಲ. ನಾವು ಧಾರಾವಾಹಿಯ ಆಡಿಯೋ ಹಾಕುವುದೇ ಇಲ್ಲ. ಸೀನ್ ಹೇಳಲು ಬಂದರೆ ಅದರ ಅಗತ್ಯವೇ ಬೀಳುವುದಿಲ್ಲ. ಮದ್ದಲೆ ಬಾರಿಸುವ ನೆಂಟರು ಯಾರಾದರೂ ಇದ್ದರೆ ಕೇಳಿ, ಹತ್ತು ಸೆಕೆಂಡ್ ಬಾರಿಸಿ ಕೊಡುತ್ತಾರೆ. ನಮ್ಮ ಕಡೆ ಅಂಥವರಿಗೇನು ಬರ?

ಮುಖಚಿತ್ರಕ್ಕೂ ಕಲಾವಿದರ ಫೋಟೋ, ಚಾನೆಲ್ ಲೋಗೋ ಬೇಡ, ನೀವೇ ಬರೆಯಿರಿ. ಅಳತೆ 3000 x 3000 ಪಿಕ್ಸೆಲ್. 1400ಕ್ಕಿಂತ ಕಡಿಮೆ ಇದ್ದರೆ ಆಪಲ್ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ಅದು ಅಂಚೆಚೀಟಿಯಷ್ಟೇ ಕಾಣುತ್ತದೆ, ಒತ್ತಕ್ಷರಗಳೆಲ್ಲ ಮೆತ್ತಿಕೊಳ್ಳುತ್ತವೆ. ಹಾಗಾಗಿ ಹೆಸರು ಚಿಕ್ಕದಿರಲಿ, ಅಕ್ಷರ ದೊಡ್ಡದಿರಲಿ. ಧಾರಾವಾಹಿಯ ಹೆಸರನ್ನೇ ನಿಮ್ಮ ಹೆಸರು ಮಾಡಬೇಡಿ, ಚಾನೆಲ್‌ನವರದ್ದೇ ಅಂತ ಜನ ತಿಳಿದುಕೊಳ್ಳುತ್ತಾರೆ. ಅದು ವಿವರಣೆಯಲ್ಲಿ ಬರಲಿ, ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ನಮ್ಮವರು ಹುಡುಕುವುದು ಜಾಸ್ತಿ ಇಂಗ್ಲಿಷ್ ಅಕ್ಷರದಲ್ಲೇ.

ಪಾಡ್‌ಕಾಸ್ಟ್ ಏರಿಸುವ ತಾಣ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ನಲ್ಲಿ ಖಾತೆ ಉಚಿತ. ಕಂತು ಏರಿಸಿದರೆ ಅದೇ ಒಂದು ಆರ್‌ಎಸ್‌ಎಸ್ ಫೀಡ್ (ನಿಮ್ಮ ಕಂತುಗಳ ಪಟ್ಟಿ ಇರುವ ವೆಬ್ ವಿಳಾಸ) ಕೊಡುತ್ತದೆ, ಆ ವಿಳಾಸವನ್ನು ಆಪಲ್ ಮುಂತಾದ ಕಡೆ ಕೊಟ್ಟರೆ ಹೊಸ ಕಂತು ತಾನಾಗಿ ಹೋಗುತ್ತದೆ. ಫೀಡ್‌ನಲ್ಲಿ ಹಾಕಿದ ಇಮೇಲ್ ಎಲ್ಲರಿಗೂ ಕಾಣಬಹುದು. ಇದಕ್ಕೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ. ಭಾಷೆ ಕನ್ನಡ ಅಂತ ಆರಿಸುವುದನ್ನು ಮರೆಯಬೇಡಿ.

ಮೂರು ಕಂತು ಪೂರ್ತಿ ತಯಾರಾದ ಮೇಲೆ ಮೊದಲನೆಯದನ್ನು ಬಿಡಿ. ವಾರಕ್ಕೊಂದು ಅಂತ ಮಾತು ಕೊಟ್ಟು ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಒದ್ದಾಡುವುದಕ್ಕಿಂತ ಹದಿನೈದು ದಿನಕ್ಕೊಂದು ವಾಸಿ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜಾತ್ರೆ ಮುಗಿಯುವವರೆಗೆ ರಜೆ ಹಾಕಿ. ಪೇಟೆಯಲ್ಲಿ ಮೈಕ್ ಇಡುವಷ್ಟು ಸದ್ದಿಲ್ಲದ ಜಾಗ ಸಿಗುವುದಿಲ್ಲ, ಸಿಕ್ಕಿದರೂ ನೆಂಟರು ಬಿಡುವುದಿಲ್ಲ.

ಕೇಳುಗರಿಂದ ಮಾತು ಬೇಕಾದರೆ 'ನಿಮ್ಮ ಅನಿಸಿಕೆ ತಿಳಿಸಿ' ಅನ್ನಬೇಡಿ, ಯಾರೂ ತಿಳಿಸುವುದಿಲ್ಲ. 'ಶ್ರೀಮತಿ ಸಿಟ್ಟಲ್ಲಿದ್ದಾಗ ನಿಮ್ಮ ಮನೆಯಲ್ಲಿ ಯಾರು ಜೋರಾಗಿ ನಗುತ್ತಿದ್ದರು, ಅಪ್ಪನಾ ಅಮ್ಮನಾ?' ಅಂತ ಕೇಳಿ. ವಾಯ್ಸ್ ನೋಟ್‌ಗಳು ಬರುತ್ತವೆ. ಮುಂದಿನ ಕಂತಿನಲ್ಲಿ ಹಾಕುವ ಮೊದಲು ಕಳಿಸಿದವರನ್ನು ಒಂದು ಮಾತು ಕೇಳಿ. ಹಿಂದೆ ಕುಕ್ಕರ್ ಕೂಗಿದ್ದರೆ ಅದನ್ನು ಹಾಗೇ ಬಿಡಬಹುದು.