ಗಾಳಿಮಳೆ ಆದ್ಮೇಲೆ ಎಲ್ಲೆಲ್ಲಿ ಎಂತ ಆಗಿದೆ ಅಂತ ಬೇಗ ಮ್ಯಾಪ್ ಮಾಡೋದು ಹೇಗೆ

2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್, "ಉಚ್ಚಿಲದಲ್ಲಿ ಮನೆ ಮೇಲೆ ತೆಂಗಿನಮರ ಬಿದ್ದಿದೆ, ಬೇಗ ಯಾರಾದ್ರೂ ಹೋಗಿ." ಯಾವ ಉಚ್ಚಿಲ ಮಾರಾಯ್ರೆ? ಪಡುಬಿದ್ರಿ ಹತ್ರದ್ದಾ, ಸೋಮೇಶ್ವರದ್ದಾ? ಎರಡೂ ಕಡಲ ಬದಿಯೇ, ಮಧ್ಯೆ 40 ಕಿಲೋಮೀಟರಿಗಿಂತ ಜಾಸ್ತಿ ದೂರ ಉಂಟು. ಅದು ಗೊತ್ತಾಗ್ಲಿಕ್ಕೇ ಅರ್ಧ ಗಂಟೆ ಹೋಯ್ತು.

ಹಾಗಾಗಿ ಊರಿನ ಹೆಸರು, "ದೈವಸ್ಥಾನದ ಹತ್ರ", "ಕಟ್ಟೆ ಪಕ್ಕ" ಇದೆಲ್ಲ ಆಮೇಲೆ, ಮೊದಲು ಲೊಕೇಶನ್ ಕೇಳಿ. ವಾಟ್ಸಾಪಲ್ಲಿ ಕರೆಂಟ್ ಲೊಕೇಶನ್ ಕಳ್ಸಿದ್ರೆ ಸಾಕು, ಲೈವ್ ಬೇಡ. ಬರೀ ಫೋಟೋ ಕಳಿಸ್ತಾರೆ ಕೆಲವರು, ಆದ್ರೆ ವಾಟ್ಸಾಪಲ್ಲಿ ಮಾಮೂಲಿ ಫೋಟೋ ಕಳಿಸಿದ್ರೆ ಅದರೊಳಗಿನ ಜಿಪಿಎಸ್ ಮಾಹಿತಿ ಅಳಿಸಿಹೋಗ್ತದೆ, ಫೋಟೋ ನೋಡಿ ನಾವು ಅಯ್ಯೋ ಪಾಪ ಅನ್ನಬಹುದು ಅಷ್ಟೇ.

ಬಂದದ್ದನ್ನೆಲ್ಲ ಒಬ್ರು ಕೂತು ಗೂಗಲ್ ಶೀಟಿಗೆ ಹಾಕ್ಬೇಕು: ಅಕ್ಷಾಂಶ, ರೇಖಾಂಶ, ಎಂತ ಆಗಿದೆ, ಎಷ್ಟು ಗಂಟೆಗೆ ನೋಡಿದ್ದು, ಯಾರು ನೋಡಿದ್ದು. ನಮ್ಮ ಉಡುಪಿ, ದಕ್ಷಿಣ ಕನ್ನಡ ಕಡೆ ಮೊದಲ ನಂಬರ್ 12 ಅಥವಾ 13ರಿಂದ ಶುರು, ಎರಡನೆಯದು ಕರಾವಳಿಯಲ್ಲಿ 74, ಬೆಳ್ತಂಗಡಿ ಸುಳ್ಯ ಕಡೆ 75. ಅದಲು ಬದಲು ಮಾಡಿದ್ರೆ ಮಲ್ಪೆಯ ಮರ ನಾರ್ವೆಯಾಚೆ ಸಮುದ್ರದಲ್ಲಿ ಬಿದ್ದಿರ್ತದೆ, ನಾನೇ ಮಾಡಿದ್ದೇನೆ. ಆ ಶೀಟನ್ನ ಗೂಗಲ್ ಮೈ ಮ್ಯಾಪ್ಸಿಗೆ (ನಮ್ಮದೇ ಮ್ಯಾಪ್ ಮಾಡುವ ಗೂಗಲ್ ಸೈಟ್) ಇಂಪೋರ್ಟ್ ಮಾಡಿದ್ರೆ ಪಿನ್‌ಗಳು ಬರ್ತವೆ, ಆದ್ರೆ ಶೀಟಲ್ಲಿ ಬದಲಾಯಿಸಿದ್ದು ಮ್ಯಾಪಲ್ಲಿ ತಾನಾಗಿ ಬದಲಾಗಲ್ಲ, ಪುನಃ ಇಂಪೋರ್ಟ್ ಮಾಡ್ಬೇಕು.

ಈಗ ಮುಖ್ಯ ವಿಷಯ. ನಾವೆಲ್ಲ ಮೊದಲು ಹಾರಿದ ಹಂಚು, ಬಿದ್ದ ಗೋಡೆ ಹಾಕ್ಲಿಕ್ಕೆ ಹೋಗ್ತೇವೆ. ಅಗ್ನಿಶಾಮಕದವ್ರಿಗೆ, ಎನ್‌ಡಿಆರ್‌ಎಫ್‌ನವ್ರಿಗೆ (ಕೇಂದ್ರದ ವಿಪತ್ತು ರಕ್ಷಣಾ ಪಡೆ) ಮೊದಲು ಬೇಕಾದ್ದು ದಾರಿ. ಹೈವೇ 66ರಿಂದ ಒಳಗೆ ಬರೋ ರಸ್ತೆಯಲ್ಲಿ ಮರ ಅಡ್ಡ ಉಂಟಾ, ತೋಡಿನ ನೀರು ಮೇಲೆ ಬಂದಿದೆಯಾ, ಸೇತುವೆ ಲಾರಿ ಹೋಗುವಷ್ಟು ಉಂಟಾ ಇಲ್ಲ ಬರೀ ಕಾಲುಸಂಕವಾ. ಬಂದ್ ಆದ ರಸ್ತೆಗೆ ಕೆಂಪು, ಬೈಕ್ ಮಾತ್ರ ಹೋಗೋದಕ್ಕೆ ಹಳದಿ, ಸರಿ ಇದ್ದದ್ದಕ್ಕೆ ಹಸಿರು ಗೆರೆ. ಯಾರೂ ಹೋಗಿ ನೋಡದ ಕಡೆಗೆ ಬೂದು ಹಾಕಿ, ಇದನ್ನ ಎಲ್ಲರೂ ಮರೀತಾರೆ. ಪಿನ್ ಇಲ್ಲ ಅಂದ್ರೆ ಅಲ್ಲಿ ಏನೂ ಆಗಿಲ್ಲ ಅಂತ ಅಲ್ಲ, ಅಲ್ಲಿ ಟವರೇ ಸತ್ತಿರಬಹುದು.

ಟೈಮ್ ಯಾಕೆ ಬರೀಬೇಕು ಅಂದ್ರೆ, ಕಡಲ ಬದಿ ರಸ್ತೆಗೆ ಉಬ್ಬರದಲ್ಲಿ ನೀರು ಬಂದು ಸುಮಾರು 6 ಗಂಟೆಯಲ್ಲಿ ಇಳಿದೂ ಹೋಗ್ತದೆ, ಬೆಳಿಗ್ಗೆ ಕೆಂಪು ಇದ್ದದ್ದು ಮಧ್ಯಾಹ್ನ ಹಸಿರಾಗಬಹುದು.

ಉಪಗ್ರಹ ಚಿತ್ರ ನೋಡುವ ಅಂದ್ರೆ ಮಳೆಗಾಲದಲ್ಲಿ ಬರೀ ಮೋಡ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರದಲ್ಲಿ ಮೋಡದಡಿಯಲ್ಲೂ ಗದ್ದೆಗೆ ನೀರು ತುಂಬಿದ್ದು ಕಾಣ್ತದೆ, ಉಚಿತ, ಆದ್ರೆ ದಿನಾ ಬರಲ್ಲ, ಬಿದ್ದ ಮರವೂ ಕಾಣಲ್ಲ.

ಮೇ ತಿಂಗಳ ಮೊದಲೇ ಮಾಡಿಡುವ ಕೆಲಸ: ನಿಮ್ಮ ಊರಿನ ಸಣ್ಣ ಸಣ್ಣ ರಸ್ತೆ, ಕಾಲುಸಂಕ ಓಪನ್‌ಸ್ಟ್ರೀಟ್‌ಮ್ಯಾಪಲ್ಲಿ (ಯಾರು ಬೇಕಾದ್ರೂ ತಿದ್ದಬಹುದಾದ ಉಚಿತ ಮ್ಯಾಪ್) ಇಲ್ಲದಿದ್ರೆ ಸೇರಿಸಿ, ಅದೇ ಮ್ಯಾಪ್ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪಲ್ಲಿ ಕರ್ನಾಟಕ ಡೌನ್‌ಲೋಡ್ ಮಾಡಿಡಿ. ನೆಟ್ ಹೋದ್ರೂ ಅದು ತೋರಿಸ್ತದೆ.

ಮ್ಯಾಪ್ ಮಾಡ್ತಾ ಕೂತು ಫೋನ್ ಮಾಡ್ಲಿಕ್ಕೆ ಮರೀಬೇಡಿ. ಜೀವಕ್ಕೆ ತೊಂದರೆ ಇದ್ರೆ 112, ಜಿಲ್ಲಾ ಕಂಟ್ರೋಲ್ ರೂಮ್ 1077, ಕರೆಂಟ್ ಕಂಬ ತಂತಿ ಬಿದ್ರೆ ವಿದ್ಯುತ್ ಕಂಪನಿ ಮೆಸ್ಕಾಂ 1912. ತಂತಿ ಫೋಟೋಗೆ ಹತ್ರ ಹೋಗುವ ಕೆಲಸ ಬೇಡ, ದೂರದಲ್ಲೇ ನಿಂತು ಲೊಕೇಶನ್ ಕಳಿಸಿ. ಲಿಂಕ್ ಹಂಚುವಾಗ ನೋಡ್ಲಿಕ್ಕೆ ಮಾತ್ರ ಅಂತ ಇಡಿ, ಜನರ ಹೆಸರು, ನಂಬರ್ ಇರುವ ಕಾಲಂ ತೆಗೆದು ಹಾಕಿ.

ಮತ್ತೆ, ಮರ ಕಡಿದು ತೆಗೆದ ಮೇಲೆ ಪಿನ್ ಡಿಲೀಟ್ ಮಾಡ್ಬೇಡಿ. ಬಣ್ಣ ಬದಲಾಯಿಸಿ "ತೆಗೆದಾಯ್ತು, 4:30" ಅಂತ ಬರೆದಿಡಿ, ಇಲ್ಲದಿದ್ರೆ ಹಳೇ ಫಾರ್ವರ್ಡ್ ನೋಡಿದವ್ರು ಯಾರೋ ರಾತ್ರಿ ಅದೇ ಮರವನ್ನ ಪುನಃ ಹಾಕ್ತಾರೆ.