ಗುಜರಿ ಹೋಮ್ ಥಿಯೇಟರ್‌ನ ಹೊಟ್ಟೆಯಿಂದ ಒಂದು ಎಫ್‌ಎಂ ರೇಡಿಯೋ

"ಇನ್ನೂರೈವತ್ತು ಬಿಸಾಕಿದ್ರೆ ಹೊಸಾದೇ ಬರುತ್ತಲ್ಲ ಸಾರ್, ಈ ಕಸ ಯಾಕೆ?" ಅಂದಿದ್ದರು ನಮ್ಮ ಬೀದಿಯ ಟಿವಿ ರಿಪೇರಿಯವರು. ಮೂರು ತಿಂಗಳು ನನಗೂ ಹಾಗೇ ಅನ್ನಿಸಿತ್ತು. ಈಗ ಬೆಳಗಾದರೆ ನಮ್ಮ ಅಡುಗೆಮನೆಯಲ್ಲಿ ಮೈಸೂರು ಆಕಾಶವಾಣಿ 100.6, ಚೂರೂ ಗೊರಗೊರ ಇಲ್ಲ. 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದ ಬಾನುಲಿ ನಡೆಸಿದ ಊರು ನಮ್ಮದು. ಕೇಳೋ ಪೆಟ್ಟಿಗೆಯನ್ನಾದರೂ ಮನೆಯಲ್ಲಿ ಮಾಡಬಾರದೇ?

ಕೆಟ್ಟ 5.1 ಹೋಮ್ ಥಿಯೇಟರ್ ಗುಜರಿಯಲ್ಲಿ ನೂರೈವತ್ತಕ್ಕೆ ಸಿಕ್ಕಿತು. ಒಳಗಿನ ಟಿಇಎ5767 ಮಾಡ್ಯೂಲ್, ಅಂದರೆ ಸ್ಟೇಷನ್ ಹಿಡಿಯುವ ಎಫ್‌ಎಂ ಚಿಪ್ಪಿನ ಪುಟ್ಟ ಬೋರ್ಡು, ಕೀಳುವಾಗ ಬೆಸುಗೆ ಕೂರುವ ತಾಮ್ರದ ಪ್ಯಾಡೇ ಎದ್ದು ಬಂತು. ಇನ್ನೊಂದು ಸೆಟ್‌ಗೆ ಮತ್ತೆ ನೂರೈವತ್ತು. ಅದಕ್ಕೆ ಆಜ್ಞೆ ಕೊಡುವ ಮೈಕ್ರೋಕಂಟ್ರೋಲರ್ ಎಟಿಮೆಗಾ8ಎ ಒಂದು ಸ್ಟೆಬಿಲೈಜರ್ ಬೋರ್ಡಿನದು, ಬೆಸುಗೆಯಿಲ್ಲದೆ ಬೇಸ್ ಮೇಲೆ ಕೂತಿತ್ತು, ಕಿತ್ತರೆ ಬಂತು. ಸ್ಪೀಕರ್ ಹಳೇ ಡಬ್ಬಾ ಟಿವಿಯದು.

ಮೊದಲು 100.6 ಕೊಟ್ಟರೆ ಬರೀ ಸೊಂಯ್. ಸ್ಟೇಷನ್ ಸಿಕ್ಕಿದ್ದು 100.15ರಲ್ಲಿ! ಎರಡು ವಾರ ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲನ್ನೇ ಬೈದೆ. ಸ್ಟೇಷನ್ ಹಿಡಿಯಲು ಈ ಚಿಪ್ಪು ಅದಕ್ಕಿಂತ 225 ಕಿಲೋಹರ್ಟ್ಜ್ ಮೇಲೋ ಕೆಳಗೋ ತನ್ನದೇ ಒಂದು ತರಂಗ ಹುಟ್ಟಿಸುತ್ತೆ. ಆಮೇಲೆ ನೋಡಿದರೆ, ಲೆಕ್ಕದಲ್ಲಿ ಆ 225 ಕೂಡಿಸಿದ್ದೆ, 'ಮೇಲೆ' ಅಂತ ಚಿಪ್ಪಿಗೆ ಹೇಳುವ ಹೈ-ಸೈಡ್ ಬಿಟ್ ಮಾತ್ರ ಸೊನ್ನೆಯಲ್ಲೇ ಬಿಟ್ಟಿದ್ದೆ. ಬಿಟ್ ಒಂದು ಮಾಡಿ, 100.6ರ ಲೆಕ್ಕಕ್ಕೆ ಬಂದ 12308 ಬರೆದೆ, ತಟ್ಟನೆ ಸುದ್ದಿ ಓದುವ ದನಿ. ದನಿ ಸ್ವಲ್ಪ ಮಂಕಾಗಿತ್ತು: ಎಲ್ಲಿಂದಲೋ ಎತ್ತಿದ ಕೋಡಿನಲ್ಲಿ ಡಿ-ಎಂಫಸಿಸ್ (ಪ್ರಸಾರದಲ್ಲಿ ಎತ್ತಿ ಕಳಿಸಿದ ಕೀಚಲು ದನಿಯನ್ನು ಮತ್ತೆ ಇಳಿಸುವ ಅಳತೆ) 75 ಮೈಕ್ರೋಸೆಕೆಂಡ್ ಇತ್ತು, ನಮಗೆ ಬೇಕಾದ್ದು 50.

ನಿಜವಾದ ಕಾಟ ಸದ್ದಿನದು. ಪಿಎಎಂ8403 ಆಂಪ್ಲಿಫೈಯರ್ ಹಾಕಿದರೆ ಹಾಡಿಗಿಂತ ಸಿಳ್ಳೆ ಜೋರು. ಪವರ್‌ಬ್ಯಾಂಕಿನ ವೋಲ್ಟ್ ಏರಿಸುವ ಬೂಸ್ಟ್ ಬೋರ್ಡ್ ಇನ್ನೂ ಕೇಡು. ಎರಡನ್ನೂ ಕಿತ್ತೆಸೆದು ಎಲ್‌ಎಂ386 ಆಂಪ್ಲಿಫೈಯರ್ ಹಾಕಿದೆ. ಲ್ಯಾಪ್‌ಟಾಪ್ ಬ್ಯಾಟರಿಯ ಎರಡು ಸೆಲ್ ಸರಣಿಯಲ್ಲಿ, ಚಿಪ್‌ಗಳಿಗೆ ಎಎಂಎಸ್1117 ರೆಗ್ಯುಲೇಟರಿನಿಂದ 3.3 ವೋಲ್ಟ್. (ಪೂರ್ತಿ ಸತ್ತ ಸೆಲ್ಲನ್ನು ಚಾರ್ಜ್ ಮಾಡಿ ಬದುಕಿಸಲು ಹೋಗಬೇಡಿ. ನನ್ನದೊಂದು ಮುಟ್ಟಲಾಗದಷ್ಟು ಕಾದು, ಅಂಗಳಕ್ಕೆ ಎಸೆಯಬೇಕಾಯಿತು.) ಉಳಿದದ್ದು ಫ್ರೀಕ್ವೆನ್ಸಿ ತೋರಿಸುವ ಎಲ್‌ಇಡಿ ಅಂಕಿಗಳಿಂದ ಸ್ಪೀಕರಿಗೆ ಬರುತ್ತಿದ್ದ ಟಿಕಟಿಕ. ಅದಕ್ಕೆ ನನ್ನ ಉಪಾಯ: ಟ್ಯೂನ್ ಆಗಿ ಐದು ಸೆಕೆಂಡಾದ ಮೇಲೆ ಡಿಸ್‌ಪ್ಲೇಯನ್ನೇ ಆರಿಸಿಬಿಡೋದು. ಫ್ರೀಕ್ವೆನ್ಸಿಯನ್ನು ಇಡೀ ದಿನ ಯಾರು ನೋಡ್ತಾ ಕೂರ್ತಾರೆ! ಆಂಟೆನಾ ಬುಡದಲ್ಲೂ ತಂತಿ ಸುತ್ತಿದ ಒಂದು ಕಾಯಿಲ್ ಇದೆ. ಎಷ್ಟು ಸುತ್ತು ಅಂತ ಈಗಲೇ ಹೇಳಲ್ಲ.

ನಡುವೆ ಆಂಟೆನಾಕ್ಕೆ ಹರಿದ ಕೊಡೆಯ ಕಡ್ಡಿಯನ್ನೂ ನೋಡಿದೆ. ಮನೆ ವೈರಿಂಗಿನ ತುಂಡು ತಾಮ್ರ, ಮುಕ್ಕಾಲು ಮೀಟರ್, ಅದೇ ವಾಸಿ. ಒಂದು ರಾತ್ರಿ ಚಾಮುಂಡಿ ಬೆಟ್ಟಕ್ಕೆ ಒಯ್ದಾಗ ಬೆಂಗಳೂರಿನ 101.3 ತೇಲಿ ತೇಲಿ ಬಂತು, ಹತ್ತು ನಿಮಿಷವಾದರೂ ಕೇಳಿದ್ದೇನೆ.

ಖರ್ಚು, ಸುಟ್ಟದ್ದೂ ಸೇರಿ, ಆರುನೂರು ಆರುನೂರೈವತ್ತರ ಹತ್ತಿರ. ರಿಪೇರಿಯವರ ಲೆಕ್ಕಕ್ಕೆ ಎರಡು ಹೊಸ ರೇಡಿಯೋ. ಮೊನ್ನೆ ಅವರೇ ಬಂದು, ರೇಡಿಯೋ ಕೂರಿಸಿದ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಆ ಕಾಯಿಲ್ ತೋರಿಸಿ "ಇದೇನು ಸಾರ್?" ಅಂದರು. ಮುಚ್ಚಳ ಹಾಕಿ ಕಾಫಿ ಕೊಟ್ಟೆ.