ಅಣ್ವಸ್ತ್ರ ಒಪ್ಪಂದವನ್ನು ಓದುವುದು ಹೇಗೆ?

ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳುವ ಮಾತು: ಪೀಠಿಕೆಯನ್ನು ಆಮೇಲೆ ಓದಿ, ಮೊದಲು ಎಣಿಕೆಯ ನಿಯಮ ಹುಡುಕಿ. 2010ರ ನ್ಯೂ ಸ್ಟಾರ್ಟ್ ಒಪ್ಪಂದದಲ್ಲಿ ಅಮೆರಿಕ ಮತ್ತು ರಷ್ಯಾ ತಲಾ 1550 ನಿಯೋಜಿತ (ಬಳಕೆಗೆ ಸಜ್ಜಾಗಿಟ್ಟ) ಸಿಡಿತಲೆಗಳ ಮಿತಿಗೆ ಒಪ್ಪಿದವು. ಆದರೆ ಭಾರೀ ಬಾಂಬರ್ ವಿಮಾನವೊಂದು ಎಷ್ಟೇ ಅಣುಬಾಂಬು ಹೊರಬಲ್ಲದಾದರೂ ಲೆಕ್ಕಕ್ಕೆ ಒಂದೇ ಸಿಡಿತಲೆಯಾಗಿತ್ತು! ದಾಸ್ತಾನಿನಲ್ಲಿಟ್ಟವು ಆ ಮಿತಿಯೊಳಗೆ ಬರುತ್ತಲೇ ಇರಲಿಲ್ಲ. ಈ ಭಾಗವನ್ನು ಎರಡು ಸಲ ಓದಿ.

ಆಮೇಲೆ ತಪಾಸಣೆ. ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಬಗ್ಗೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಮಾಡಿಕೊಂಡ 1987ರ ಐಎನ್‌ಎಫ್ ಒಪ್ಪಂದದಡಿ 2692 ಕ್ಷಿಪಣಿಗಳು ನಾಶವಾದವು. ಎದುರಾಳಿ ದೇಶದ ತಪಾಸಕರು ಸ್ಥಳಕ್ಕೇ ಹೋಗಿ ಪರಿಶೀಲಿಸಿದರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಗೆಲುವಿಲ್ಲ.

ಹೊರಹೋಗುವ ವಿಧಿಯನ್ನೂ ಬಿಡಬೇಡಿ. 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ 10ನೇ ವಿಧಿ ಮೂರು ತಿಂಗಳ ಮುನ್ಸೂಚನೆ ಕೇಳುತ್ತದೆ. 2003ರಲ್ಲಿ ಉತ್ತರ ಕೊರಿಯಾ ಆ ವಿಧಿಯನ್ನೇ ಮುಂದಿಟ್ಟು ಹೊರನಡೆಯುವುದಾಗಿ ಘೋಷಿಸಿತು.